ನೆಲದ ಮೇಲೆ ಹೇಳಬಾರದ ಹೆಸರು

ತೆಯುಕೊ ದ್ವೀಪದಲ್ಲಿ ಹಾಡಹಗಲೇ ಬಾಗಿಲಿಗೆ ಅಗುಳಿ ಜಡಿಯುವ ಮನೆ ಒಂದೇ ಇತ್ತು, ಅದು ಎದೆಲ್ಮೀರಾ ಚಿಗುವಾಯಳದು. ಅದೂ ಮೇಲೊಂದು ಕೆಳಗೊಂದು, ಎರಡು ಅಗುಳಿ. ಕದಿಯುವಂಥದ್ದು ಒಳಗೆ ಏನಿತ್ತು? ಒಂದು ಕಟ್ಟಿಗೆ ಒಲೆ, ಒಲೆಯ ಮೇಲೆ ಹೊಗೆಗೆ ತೂಗುಹಾಕಿದ ಚಿಪ್ಪುಮಾಂಸದ ಸರ, ಆಲೂಗಡ್ಡೆ ಮೂಟೆ, ನೂಲಬೇಕಾದ ಉಣ್ಣೆ. ಕದಿಯುವವರು ತಾನೇ ಯಾರಿದ್ದರು? ಎಲ್ಲರ ಮನೆಯಲ್ಲೂ ಇದ್ದದ್ದು ಅದೇ ಒಲೆ, ಅದೇ ಮೂಟೆ. ಆದರೂ ಅವಳ ಬಾಗಿಲು ತಟ್ಟಿದವರು ಮೊದಲು ಹೆಸರು ಹೇಳಬೇಕಿತ್ತು, ಆಮೇಲೆ ಬಂದ ಕೆಲಸ ಹೇಳಬೇಕಿತ್ತು. ಅಷ್ಟಾದರೂ ಕಿಟಕಿಯ ಪರದೆ ಸರಿಸಿ ಮುಖ ನೋಡದೆ ಅವಳು ಅಗುಳಿ ತೆಗೆಯುತ್ತಿರಲಿಲ್ಲ.

ರೇಡಿಯೊದವನು ನಾಳೆ ಬಿರುಗಾಳಿ ಎಂದರೆ, ‘ಹಾಗೆ ಹೇಳಿದರೆ ಇವನಿಗೇನು ಲಾಭ?’ ಎಂದು ಯೋಚಿಸುವವಳು ಅವಳು. ಕಡಲಪಾಚಿ ಕೊಳ್ಳಲು ಬರುವ ವ್ಯಾಪಾರಿ ತೂಕ ಮಾಡುವಾಗ ತಕ್ಕಡಿಯನ್ನು ನೋಡದೆ ಅವನ ಕಾಲನ್ನೇ ನೋಡುತ್ತ ನಿಲ್ಲುತ್ತಿದ್ದಳು, ಕಾಲಿನಿಂದ ಎಲ್ಲಾದರೂ ಒತ್ತುತ್ತಾನೋ ಎಂದು. ಪಕ್ಕದ ಮನೆಯ ತ್ರಾನ್ಸಿತೊ ಬಿಸಿಬಿಸಿ ಆಲೂಗಡ್ಡೆ ರೊಟ್ಟಿ ತಂದುಕೊಟ್ಟರೆ ಅದನ್ನು ಮುರಿದು ನೋಡಿಯೇ ಬಾಯಿಗಿಡುತ್ತಿದ್ದಳು. “ವಿಷ ಹಾಕೋದಾದ್ರೆ ನಾನು ಇಷ್ಟೊಂದು ಹಂದಿಕೊಬ್ಬು ಹಾಕಿ ಖರ್ಚು ಮಾಡ್ತಿದ್ನಾ?” ಎಂದು ತ್ರಾನ್ಸಿತೊ ನಗುತ್ತಿದ್ದಳು. ತ್ರಾನ್ಸಿತೊ ಯಾವುದಕ್ಕೂ ಬೇಸರ ಮಾಡಿಕೊಳ್ಳುವ ಹೆಂಗಸಲ್ಲ, ಇಲ್ಲದಿದ್ದರೆ ಆ ನೆರೆಹೊರೆ ಎಂದೋ ಮುರಿದುಬೀಳುತ್ತಿತ್ತು.

ಎದೆಲ್ಮೀರಾ ಹುಟ್ಟಾ ಹೀಗಿದ್ದವಳಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳು ಆರ್ತೆಮಿಯೊ ಲೆಪಿಯೊನನ್ನು ಮದುವೆಯಾದಾಗ ಆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಆರ್ತೆಮಿಯೊ ಮುಳುಗುಗಾರ, ದೋಣಿಯ ಮೇಲಿನ ಪಂಪಿನಿಂದ ಬರುವ ಗಾಳಿಕೊಳವೆ ಬಾಯಲ್ಲಿಟ್ಟುಕೊಂಡು ಕಡಲ ತಳಕ್ಕಿಳಿದು ಚಿಪ್ಪು ಕೀಳುತ್ತಿದ್ದ. ಮನೆಗೆ ಬಂದವನು ಒದ್ದೆ ಕಾಲಲ್ಲೇ ಒಳಗೆ ನುಗ್ಗುತ್ತಿದ್ದ, ಇವಳು ಬೈಯುತ್ತಿದ್ದಳು, ಅವನು ಬೇಕೆಂದೇ ಇನ್ನೆರಡು ಹೆಜ್ಜೆ ಒದ್ದೆ ಮಾಡುತ್ತಿದ್ದ. ಎರಡು ವರ್ಷ ಹೀಗೆ ನಡೆಯಿತು. ಒಂದು ವಸಂತದಲ್ಲಿ ಬೆಳಿಗ್ಗೆ ದೋಣಿ ಹತ್ತಿದವನು ಸಂಜೆ ಬರಲಿಲ್ಲ. ಬಂದವನು ಅವನ ತಮ್ಮ ಒನೋಫ್ರೆ, ಆಗಿನ್ನೂ ಹತ್ತೊಂಬತ್ತರವನು. ಹೊಸ್ತಿಲಾಚೆಯೇ ನಿಂತು, ನೆಲ ನೋಡುತ್ತ, ಅಣ್ಣ ದಾರಿಯಲ್ಲಿ ಸಿಕ್ಕ ದೊಡ್ಡ ದೋಣಿ ಹತ್ತಿ ಅರ್ಜೆಂಟೀನಾ ಕಡೆ ಕುರಿ ಉಣ್ಣೆ ಕತ್ತರಿಸುವ ಕೆಲಸಕ್ಕೆ ಹೋದ, ಹೋಗುವ ಮುಂಚೆ ಹೇಳುವುದಕ್ಕೆ ಪುರುಸೊತ್ತಾಗಲಿಲ್ಲ ಎಂದ.

ಆ ಮಾತಿನಲ್ಲಿ ನಂಬದಿರುವಂಥದ್ದು ಏನೂ ಇರಲಿಲ್ಲ. ನಮ್ಮ ದ್ವೀಪದ ಗಂಡಸರು ಉಣ್ಣೆ ಕತ್ತರಿಸಲು ಗಡಿ ದಾಟುವುದು ಅಜ್ಜಂದಿರ ಕಾಲದಿಂದ ಇದೆ. ಹೋದವರಲ್ಲಿ ಬಂದವರೂ ಇದ್ದಾರೆ, ಅಲ್ಲೇ ಮತ್ತೊಂದು ಒಲೆ ಹೂಡಿದವರೂ ಇದ್ದಾರೆ. ಎದೆಲ್ಮೀರಾ ಶನಿವಾರದ ದೋಣಿ ಬರುವ ಹೊತ್ತಿಗೆ ದಕ್ಕೆಯ ಮೇಲೆ ನಿಲ್ಲತೊಡಗಿದಳು. ಮಳೆ ಇರಲಿ, ಗಾಳಿ ಇರಲಿ, ಶನಿವಾರ ಎಂದರೆ ಅವಳು ಅಲ್ಲಿ. ಎರಡು ವರ್ಷ ಕಳೆದ ಮೇಲೆ ಒನೋಫ್ರೆ ಮತ್ತೊಮ್ಮೆ ಹೊಸ್ತಿಲಾಚೆ ಬಂದು ನಿಂತ. “ಅತ್ತಿಗೆ, ಕಾಯಬೇಡಿ. ಅಲ್ಲಿ ಅವನಿಗೆ ಬೇರೆ ಹೆಂಗಸು ಇದ್ದಾಳಂತೆ.” ಅವತ್ತು ಅವಳು ಗೋಡೆಯ ಮೇಲಿದ್ದ ಮದುವೆಯ ಫೋಟೊ ಇಳಿಸಿದಳು. ಮಾರನೆಯ ದಿನ ದೋಣಿ ಕಟ್ಟುವ ಬಡಗಿ ಸೆಲಿಂದೊನನ್ನು ಕರೆಸಿ ಬಾಗಿಲಿಗೆ ಅಗುಳಿ ಹಾಕಿಸಿದಳು. ಗಂಡನ ಹೆಸರನ್ನು ಆ ಮನೆಯೊಳಗೆ ಯಾರೂ ಎತ್ತಕೂಡದು ಎಂದಳು.

ಸೆಲಿಂದೊ ಅಗುಳಿ ಹಾಕಲು ಬಂದವನು ಆಮೇಲೆ ಕಿಟಕಿ ಸರಿಮಾಡಲು ಬಂದ, ಕುರ್ಚಿಯ ಕಾಲು ಕೂರಿಸಲು ಬಂದ, ಸರಿಮಾಡುವುದಕ್ಕೆ ಏನೂ ಉಳಿಯದಾದಾಗ ಮದುವೆಯಾಗುತ್ತೀಯಾ ಎಂದು ಕೇಳಿದ. ಒಳ್ಳೆಯವನು. ಎದೆಲ್ಮೀರಾಳಿಗೂ ಅವನು ಬಂದ ದಿನ ಒಲೆ ಚೆನ್ನಾಗಿ ಉರಿಯುತ್ತದೆ ಅನ್ನಿಸುತ್ತಿತ್ತು. ಆದರೆ ನಮ್ಮ ದೇಶದಲ್ಲಿ ಆಗ ವಿಚ್ಛೇದನ ಎಂಬುದೇ ಇರಲಿಲ್ಲ. ಗಂಡ ಸತ್ತರೆ ಬಿಡುಗಡೆ, ಓಡಿಹೋದರೆ ಇಲ್ಲ. “ನನಗೆ ಗಂಡ ಇದ್ದಾನೆ,” ಎಂದಳು ಅವಳು. ಸೆಲಿಂದೊ ಟೋಪಿ ಕೈಯಲ್ಲಿ ಹಿಡಿದು, “ಇದ್ದಾನೆ ಅಂತ ನಿನಗೆ ಗಟ್ಟಿ ಗೊತ್ತಾ?” ಎಂದು ಕೇಳಿದ. ಓಡಿಹೋದವನ ಹೆಂಡತಿ ಎಂದು ಹಂಗಿಸುತ್ತಿದ್ದಾನೆ ಎಂದುಕೊಂಡು ಅವಳು ಆಲೂಗಡ್ಡೆ ತೊಳೆದ ನೀರನ್ನು ಅವನ ಬೂಟಿನ ಮೇಲೆ ಚೆಲ್ಲಿದಳು. ಅವನು ಬೇರೆ ದ್ವೀಪಕ್ಕೆ ಹೋಗಿ ಬೇರೆಯವಳನ್ನು ಮದುವೆಯಾದ, ಕೊನೆಗೆ ಅಲ್ಲೇ ತೀರಿಕೊಂಡ. ಎದೆಲ್ಮೀರಾ ಐವತ್ತು ದಾಟಿದಳು. ಗಂಡ ಎಲ್ಲಿ ಎಂದು ಹೊರಗಿನವರು ಯಾರಾದರೂ ಕೇಳಿದರೆ ಈಗಲೂ ಅವಳ ಮುಖ ಗಂಟಿಕ್ಕುತ್ತಿತ್ತು. ಗಂಡ ಬಿಟ್ಟುಹೋದವಳು ಎಂಬ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಕುಳಿತಿತ್ತು.

ಇಂಥವಳ ದ್ವೀಪಕ್ಕೆ ಹೆಸರು ಕೇಳುವ ಹುಡುಗಿ ಬಂದಳು.

ಅವಳ ಹೆಸರು ತಮಾರಾ ಉಯೋವಾ. ದ್ವೀಪಸಮೂಹಕ್ಕೆಲ್ಲ ಒಂದು ಸ್ಥಳನಾಮ ಕೋಶ ಮಾಡುತ್ತಿದ್ದಾರೆ, ಅದಕ್ಕೆ ಹೆಸರು ಕೂಡಿಹಾಕಲು ಬಂದಿದ್ದೇನೆ ಎಂದಳು. ತ್ರಾನ್ಸಿತೊ ಅವಳಿಗೆ ಮಾಳಿಗೆಯ ಕೋಣೆ ಕೊಟ್ಟಳು. ಅದೇ ವರ್ಷ ಸಾಲ್ಮನ್ ಮೀನು ಸಾಕುವ ಕಂಪನಿಯೊಂದು ನಮ್ಮ ಪಡುವಣ ಕಡಲಿನಲ್ಲಿ ಬಲೆಪಂಜರ ಇಳಿಸಲು ಅರ್ಜಿ ಹಾಕಿತ್ತು. ಹೀಗಿರುವಾಗ ಕೈಯಲ್ಲಿ ನಕ್ಷೆ ಹಿಡಿದ ಪರಊರಿನ ಹುಡುಗಿ ಬಂದು, ಆ ಕೊಲ್ಲಿಗೆ ಏನಂತೀರಿ, ಈ ಬಂಡೆಗೆ ಏನಂತೀರಿ ಎಂದು ಕೇಳಿದರೆ ಎದೆಲ್ಮೀರಾ ಸುಮ್ಮನಿರುತ್ತಾಳೆಯೇ? ಶಾಲು ಹೊದ್ದು ಸೀದಾ ತ್ರಾನ್ಸಿತೊಳ ಅಡುಗೆಮನೆಗೆ ಹೋಗಿ, ಮಾಟೆ ಕಷಾಯ ಹೀರುತ್ತಿದ್ದ ತಮಾರಾಳ ಎದುರಿಗೇ ಕುಳಿತಳು.

“ನಿನಗೆ ಸಂಬಳ ಯಾರು ಕೊಡ್ತಾರೆ?”

“ವಿಶ್ವವಿದ್ಯಾಲಯ, ದೊನ್ಯಾ,” ಎಂದಳು ತಮಾರಾ, ಹಿರಿಯ ಹೆಂಗಸರಿಗೆ ಕೊಡುವ ಮರ್ಯಾದೆಯಿಂದ.

“ಅವರಿಗೆ ಯಾರು ಕೊಡ್ತಾರೆ?”

ತ್ರಾನ್ಸಿತೊ ಒಲೆಯ ಬಳಿಯಿಂದ, “ಹೀಗೇ ಕೇಳ್ತಾ ಹೋದ್ರೆ ಕೊನೆಗೆ ದೇವರ ಹತ್ರ ಹೋಗಿ ನಿಲ್ತೀಯ ಕಣೇ, ಅವನ್ನೂ ಬಿಡಲ್ಲ ನೀನು,” ಎಂದಳು.

“ನೀನು ಸುಮ್ನಿರು. ಹುಡುಗಿ, ನಮ್ಮ ಊರಿನ ಕಲ್ಲು ಬಂಡೆಗೆ ನಾವು ಏನಂದ್ರೆ ನಿಮಗೇನು? ನಮಗೆ ಗೊತ್ತಿದ್ರೆ ಸಾಲ್ದಾ?”

ತಮಾರಾ ಕಷಾಯದ ಬಟ್ಟಲು ಕೆಳಗಿಟ್ಟಳು. “ಹೋದ ಚಳಿಗಾಲ ಉತ್ತರದ ಕಡೆ ಒಂದು ದೋಣಿ ಮಗುಚ್ತು. ‘ಪಾದ್ರಿ ಕಲ್ಲಿನ ಹತ್ರ ಇದೀವಿ’ ಅಂತ ಮಗುಚೋ ಮುಂಚೆ ರೇಡಿಯೊದಲ್ಲಿ ಕೂಗಿದ್ರು. ನಮ್ಮ ದ್ವೀಪಗಳಲ್ಲಿ ಪಾದ್ರಿ ಕಲ್ಲು ಅಂತ ಮೂರು ಕಡೆ ಇದೆ. ರಕ್ಷಣೆಯವರು ಬೇರೆ ಕಲ್ಲಿಗೆ ಹೋದ್ರು.”

“ಆಮೇಲೆ?”

“ಆಮೇಲೇನು. ಹೆಣ ತಂದ್ರು.”

ತಮಾರಾ ನಿಧಾನವಾಗಿ ಹೇಳಿದಳು. ಈ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಅದು ಬಂಡೆಯೋ ಕೊಲ್ಲಿಯೋ ಹಳ್ಳವೋ, ಎಲ್ಲಿದೆ, ಬೇರೆ ಹೆಸರಿದೆಯೇ, ಆ ಹೆಸರು ಯಾಕೆ ಬಂತು, ಯಾರು ಹೇಳಿದರು, ಎಲ್ಲ ಇರುತ್ತದೆ. ಕಳೆದುಹೋದವರನ್ನು ಹುಡುಕುವವರಿಗೆ ಬೇಕು, ಹಳೆಯ ಜಮೀನು ಪತ್ರ ಓದುವವರಿಗೆ ಬೇಕು, ಶಾಲೆಯ ಮೇಷ್ಟರಿಗೆ ಬೇಕು. “ನಿಮಗೂ ಬೇಕು, ದೊನ್ಯಾ. ಕಂಪನಿಯವರು ಅರ್ಜಿ ಜೊತೆ ಕೊಟ್ಟಿರೋ ನಕ್ಷೆ ನಾನು ನೋಡಿದೀನಿ. ನಿಮ್ಮ ಪಡುವಣ ಕಡಲು ಅದರಲ್ಲಿ ಖಾಲಿ. ಒಂದು ಹೆಸರೂ ಇಲ್ಲ. ಹೆಸರಿಲ್ಲ ಅಂದ್ರೆ ಅಲ್ಲಿ ಯಾರೂ ದುಡಿದಿಲ್ಲ, ಯಾರೂ ಬದುಕಿಲ್ಲ ಅಂತ ಕಚೇರಿಯವರು ಓದ್ಕೋತಾರೆ.”

“ಪುಸ್ತಕ ಅಚ್ಚಾದ ಮೇಲೆ ಕಂಪನಿಯವರೂ ಓದಬಹುದಲ್ಲ?”

“ಓದಬಹುದು.”

ಈ ಉತ್ತರ ಎದೆಲ್ಮೀರಾಳ ತಲೆ ಕೆಡಿಸಿತು. ಮೋಸಗಾತಿಯಾಗಿದ್ದರೆ ಇಲ್ಲ ಅನ್ನುತ್ತಿದ್ದಳು. ಹೌದು ಎಂದಳು ಎಂದರೆ ಇವಳು ಒಳ್ಳೆಯವಳೋ ಅಥವಾ ಪಕ್ಕಾ ಮೋಸಗಾತಿಯೋ? ಬಹಳ ಯೋಚಿಸಿ ಅವಳು ಎರಡನೆಯದೇ ಎಂದು ತೀರ್ಮಾನಿಸಿದಳು.

ತೀರ್ಮಾನಿಸಿದ್ದನ್ನು ಸಾಬೀತು ಮಾಡಬೇಕಲ್ಲ. ಮಾರನೆಯ ದಿನ ತಮಾರಾ ಕಡಲತೀರದಲ್ಲಿ ಸಿಕ್ಕಾಗ ಎದೆಲ್ಮೀರಾ ಮುಖವನ್ನು ಬೆಣ್ಣೆಯಷ್ಟು ಮೆತ್ತಗೆ ಮಾಡಿಕೊಂಡು, ತಾನು ದಿನವೂ ಪಾಚಿ ಆರಿಸುವ ಮರಳದಂಡೆಗೆ ‘ಬಿಷಪ್ಪನ ದಿಂಬು’ ಎಂದು ಹೆಸರು ಹೇಳಿದಳು. ಹಾಗೆಂದು ಯಾರೂ ಕರೆದದ್ದೇ ಇಲ್ಲ. ಅದು ‘ಉದ್ದ ಮರಳು’. ಸಂಬಳಕ್ಕೆ ಬಂದವಳಾದರೆ ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾಳೆ, ಆಗ ಊರಿಗೆಲ್ಲ ಸಾರಬಹುದು ಎಂದು ಅವಳ ಲೆಕ್ಕ. ಎರಡು ದಿನ ಕಳೆದು ತಮಾರಾ ಅವಳ ಬಾಗಿಲು ತಟ್ಟಿದಳು. ಹೆಸರು ಹೇಳಿ, ಕೆಲಸ ಹೇಳಿ, ಪರದೆಯ ಹಿಂದಿನ ಕಣ್ಣಿಗೆ ಮುಖವನ್ನೂ ತೋರಿಸಿದಳು.

“ದೊನ್ಯಾ ಎದೆಲ್ಮೀರಾ, ಬಿಷಪ್ಪನ ದಿಂಬು ಅಂತ ನೀವೊಬ್ಬರೇ ಅಂತೀರಿ. ಉಳಿದೋರೆಲ್ಲ ಉದ್ದ ಮರಳು ಅಂತಾರೆ.”

“ಅವರಿಗೇನು ಗೊತ್ತು?”

“ಒಬ್ಬರ ಮಾತು ಕೇಳಿ ನಾನು ಪುಸ್ತಕಕ್ಕೆ ಹಾಕಲ್ಲ. ಮೂರು ಜನ, ಬೇರೆ ಬೇರೆ ಮನೆಯೋರು, ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು ಅದೇ ಹೆಸರು ಹೇಳ್ಬೇಕು. ಅದಾದ ಮೇಲೂ ಊರೆಲ್ಲ ಸೇರಿಸಿ ಎಲ್ಲರ ಮುಂದೆ ಓದ್ತೀನಿ.” ಹುಡುಗಿ ನಗು ತಡೆದುಕೊಂಡಳು. “ಹೆಸರು ಮಾತ್ರ ಚೆನ್ನಾಗಿತ್ತು.”

ಎದೆಲ್ಮೀರಾ ಅಗುಳಿ ಹಾಕಿಕೊಂಡಳು. ತನಗಿಂತ ಹೆಚ್ಚು ಅನುಮಾನದವಳು ಒಬ್ಬಳು ಲೋಕದಲ್ಲಿದ್ದಾಳೆ ಎಂದು ಅವಳಿಗೆ ಅದೇ ಮೊದಲು ಗೊತ್ತಾದದ್ದು. ಇಷ್ಟವಾಗಲಿಲ್ಲ, ಆದರೆ ಒಳಗೊಳಗೇ ಒಪ್ಪಿಕೊಂಡಳು.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ತೆಯುಕೊದ ಸುತ್ತಲಿನ ಬಂಡೆಗಳಿಗೆ ಎರಡೆರಡು ಹೆಸರು. ಒಂದು ನೆಲದ ಹೆಸರು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕಡಲ ಹೆಸರು, ಅಲ್ಲಿ ಮುಳುಗಿ ಸತ್ತವನದು. ಅದನ್ನು ಗಂಡಸರು ದೋಣಿಯಲ್ಲಿ ಮಾತ್ರ, ಆ ಬಂಡೆ ದಾಟುವಾಗ ಟೋಪಿ ತೆಗೆದು ಹೇಳುತ್ತಾರೆ. ದಡದ ಮೇಲೆ ಬಾಯಿ ಬಿಡುವುದಿಲ್ಲ. ನೆಲದ ಮೇಲೆ ಆ ಹೆಸರು ಹೇಳಿದರೆ ಸತ್ತವನಿಗೆ ಕೇಳಿಸಿ, ಒದ್ದೆ ಕಾಲಲ್ಲೇ ತನ್ನ ಮನೆ ಬಾಗಿಲಿಗೆ ಬರುತ್ತಾನೆ ಎಂದು ನಂಬಿಕೆ. ಇಂಥ ಹೆಸರುಗಳಿವೆ ಎಂದು ಹೆಂಗಸರಿಗೆ ಗೊತ್ತು, ಯಾವುವೆಂದು ಗೊತ್ತಿಲ್ಲ. ಕೇಳುವುದೂ ಇಲ್ಲ. ತಮಾರಾ ವಾರಗಟ್ಟಲೆ ದೋಣಿಗಳಲ್ಲಿ ತಿರುಗಿದವಳು, ಕಡಲ ಹೆಸರುಗಳನ್ನು ಕಡಲಿನಲ್ಲೇ ಕೇಳಿ ಬರೆದುಕೊಂಡಿದ್ದಳು. ಅವನ್ನು ದಡದಲ್ಲಿ ಬಾಯಿಗೆ ತರಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರು ತಾನೇ ಹೇಳುತ್ತಾರೆ?

ಓದುವ ದಿನ ಶಾಲೆಯ ಹಾಲ್ ತುಂಬಿತ್ತು. ಒಳಗೂ ಚಳಿ, ಗಂಡಸರೆಲ್ಲ ಉಣ್ಣೆ ಟೋಪಿ ಕಿವಿಯ ಮೇಲೆ ಎಳೆದುಕೊಂಡು ಹಿಂದೆ ಕುಳಿತಿದ್ದರು. ಎದೆಲ್ಮೀರಾ ಮುಂದಿನ ಬೆಂಚಿನಲ್ಲಿ, ಒಂದು ತಪ್ಪಾದರೂ ಹಿಡಿಯಲೇಬೇಕೆಂದು ಕಿವಿ ನಿಮಿರಿಸಿ ಕುಳಿತಳು. ಮೊದಲು ನೆಲದ ಹೆಸರುಗಳು. ಒಂದು ಹಳ್ಳ ‘ಕುಂಟನ ಹಳ್ಳ’ವೋ ‘ಕುಂಟಿಯ ಹಳ್ಳ’ವೋ ಎಂದು ಎರಡು ಮನೆಗಳವರು ಕಿತ್ತಾಡಿದರು. “ಇಬ್ಬರೂ ಕುಂಟ್ತಿದ್ರು, ಗಂಡ ಹೆಂಡ್ತಿ, ಒಂದೊಂದು ದಡ ಹಂಚ್ಕೊಳ್ರಪ್ಪ,” ಎಂದು ತ್ರಾನ್ಸಿತೊ ಕೂಗಿದಳು. ಎಲ್ಲರೂ ನಕ್ಕರು. ಆಮೇಲೆ ತಮಾರಾ ಹಾಳೆ ತಿರುಗಿಸಿ, “ಇನ್ನು ದೋಣಿಯಲ್ಲಿ ಹೇಳೋ ಹೆಸರುಗಳು,” ಎಂದಳು.

ಹಿಂದಿನ ಬೆಂಚಿನಿಂದ ಒಬ್ಬ ಮುದುಕ ಎದ್ದ. “ಅವು ಇಲ್ಲಿ ಬೇಡ, ಮಗಳೇ.”

ಕುರ್ಚಿ ಎಳೆಯುವ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ. “ಎರಡು ತಲೆ ಬಂಡೆ. ಕಡಲಲ್ಲಿ, ಹಸಿಂತೊನ ಬಂಡೆ,” ಎಂದು ಓದಿಯೇಬಿಟ್ಟಳು. ಹಿಂದೆ ಒಮ್ಮೆಲೇ ಸರಸರ ಸದ್ದಾಯಿತು. ಎದೆಲ್ಮೀರಾ ತಿರುಗಿ ನೋಡಿದಳು. ಗಂಡಸರೆಲ್ಲ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಹಸಿಂತೊ ಮುಳುಗಿ ಸತ್ತದ್ದು ಎಲ್ಲರಿಗೂ ಗೊತ್ತು. ಅವನ ಮಗಳು ಶಿಲುಬೆಯ ಗುರುತು ಮಾಡಿಕೊಂಡಳು.

“ಕರಿಹಲ್ಲು. ಕಡಲಲ್ಲಿ, ಆರ್ತೆಮಿಯೊನ ಬಂಡೆ.”

ಎದೆಲ್ಮೀರಾಳಿಗೆ ಮೊದಲು ಬಂದದ್ದು ಸಿಟ್ಟು. ಓಹೋ, ತನ್ನನ್ನು ಆಡಿಕೊಳ್ಳುವುದಕ್ಕೆ ಗಂಡಸರೆಲ್ಲ ಸೇರಿ ಓಡಿಹೋದವನ ಹೆಸರನ್ನು ಬಂಡೆಗೆ ಇಟ್ಟಿದ್ದಾರೆ! ಅವಳು ಎದ್ದು ನಿಂತು ಸೊಂಟಕ್ಕೆ ಕೈ ಇಟ್ಟಳು. “ಏನ್ರಪ್ಪಾ, ಇಷ್ಟು ವರ್ಷ ಆದ್ರೂ ನಿಮಗೆ ಇನ್ನೂ ತಮಾಷೆ ಸಾಕಾಗ್ಲಿಲ್ವಾ? ನಗ್ರಿ ಮತ್ತೆ, ಯಾಕೆ ಸುಮ್ನಿದೀರಿ? ನಗ್ರಿ!”

ಯಾರೂ ನಗಲಿಲ್ಲ. ಟೋಪಿಗಳು ಮಡಿಲಲ್ಲೇ ಇದ್ದವು. ಒಬ್ಬನೂ ತಲೆ ಎತ್ತಿ ಅವಳ ಮುಖ ನೋಡಲಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಮೈದುನ ಒನೋಫ್ರೆ ಎದ್ದು, ಟೋಪಿ ಕೈಯಲ್ಲೇ ಹಿಡಿದು, ಹೊರಗೆ ನಡೆದ. ತ್ರಾನ್ಸಿತೊ ಬಂದು ಎದೆಲ್ಮೀರಾಳ ತೋಳು ಹಿಡಿದಳು.

“ನಿನಗೆ ಗೊತ್ತಿತ್ತಾ?” ಎಂದಳು ಎದೆಲ್ಮೀರಾ, ಹಿಡಿದ ಕೈಯನ್ನೇ ದುರುಗುಟ್ಟಿ ನೋಡುತ್ತ.

“ನನ್ನ ತಾಯಾಣೆ, ಇಲ್ಲ ಕಣೇ.” ತ್ರಾನ್ಸಿತೊ ನಗದೆ ಮಾತಾಡಿದ್ದನ್ನು ಅವಳು ಅವತ್ತೇ ನೋಡಿದ್ದು.

ಮನೆಗೆ ಬಂದು ಎರಡೂ ಅಗುಳಿ ಹಾಕಿಕೊಂಡು ಎದೆಲ್ಮೀರಾ ಒಲೆಯ ಮುಂದೆ ಕುಳಿತಳು. ಅನುಮಾನ ಅವಳ ಹಳೆಯ ಕಸುಬು, ಅದನ್ನೇ ಹಿಡಿದು ಒಂದೊಂದಾಗಿ ತೂಗಿ ನೋಡಿದಳು. ಹುಡುಗಿ ಸುಳ್ಳು ಬರೆದಿರಬಹುದೇ? ಬಿಷಪ್ಪನ ದಿಂಬನ್ನೇ ನುಂಗದವಳು ಅವಳು. ಯಾರೋ ಒಬ್ಬ ಕಿಡಿಗೇಡಿತನಕ್ಕೆ ಹೇಳಿರಬಹುದೇ? ಒಬ್ಬ ಹೇಳಿದರೆ ಅವಳು ಬರೆಯುವುದಿಲ್ಲ, ಮೂವರು ಬೇಕು. ಮೂವರು, ಬೇರೆ ಬೇರೆ ಮನೆಯವರು, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಅದೇ ಹೆಸರು ಹೇಳಿದ್ದಾರೆ. ಎಷ್ಟು ತಿರುಗಿಸಿ ನೋಡಿದರೂ ಸಂದು ಸಿಗಲಿಲ್ಲ. ಹಾಗಾದರೆ ಇಷ್ಟು ವರ್ಷ ತಾನು ನೂರು ಜನರನ್ನು ಅನುಮಾನಿಸುತ್ತ, ಒಂದೇ ಒಂದು ಮಾತನ್ನು ಮಾತ್ರ ಅನುಮಾನಿಸದೆ ನುಂಗಿದ್ದಳು. ಹೊಸ್ತಿಲಾಚೆ ನಿಂತು ನೆಲ ನೋಡುತ್ತ ಹೇಳಿದ ಆ ಮಾತನ್ನು.

ಬೆಳಿಗ್ಗೆ ಒನೋಫ್ರೆ ದಡದಲ್ಲಿ ದೋಣಿಯ ಹಲಗೆ ಸಂದಿಗೆ ನಾರು ತುರುಕುತ್ತಿದ್ದ. ಅವಳು ಬಂದದ್ದು ಕಂಡು ಸುತ್ತಿಗೆ ಕೆಳಗಿಟ್ಟ.

“ಹುಡುಗಿಗೆ ಹೇಳಿದೋನು ನೀನೇನಾ?”

“ಮೊದಲು ಹೇಳಿದೋನು ನಾನು. ಉಳಿದೋರನ್ನ ಅವಳೇ ಕೇಳ್ಕೊಂಡ್ಳು.”

“ನಿಮ್ಮಣ್ಣ ಎಲ್ಲಿ?”

ಅವನು ಕಡಲ ಕಡೆ ನೋಡಿದ. “ಇಲ್ಲಿ ಹೇಳ್ಬಾರ್ದು ಅತ್ತಿಗೆ. ನೆಲದ ಮೇಲೆ ಬೇಡ.”

“ನೆಲದ ಮೇಲೆ ಸುಳ್ಳು ಹೇಳ್ಬಹುದು, ನಿಜ ಹೇಳ್ಬಾರ್ದು. ಚೆನ್ನಾಗಿದೆ ನಿಮ್ಮ ಪದ್ಧತಿ. ಇಳಿಸು ದೋಣಿ.”

ಅವಳು ಪಾಚಿ ಆರಿಸುವ ರಬ್ಬರ್ ಬೂಟಿನಲ್ಲೇ ದೋಣಿ ಹತ್ತಿದಳು. ಪಡುವಣಕ್ಕೆ ತಿರುಗಿ ದ್ವೀಪದ ಮೂತಿ ದಾಟಿದ ಮೇಲೆ ಕರಿಹಲ್ಲು ಕಾಣಿಸಿತು. ಅಲೆ ಇಳಿದಾಗ ಮೇಲೇಳುವ, ಏರಿದಾಗ ಮುಚ್ಚಿಹೋಗುವ ಕರಿಯ ಬಂಡೆ. ಅವಳ ಮನೆಯ ಹಿಂದಿನ ಗುಡ್ಡದಿಂದ ಅದು ಕಾಣುತ್ತದೆ. ಅಲ್ಲೇ ನಿಂತು ಅವಳು ಎಷ್ಟೋ ಸಲ ಅರ್ಜೆಂಟೀನಾ ಇರುವ ದಿಕ್ಕಿಗೆ ಶಾಪ ಹಾಕಿದ್ದಳು. ಒನೋಫ್ರೆ ಎಂಜಿನ್ ನಿಲ್ಲಿಸಿ ಟೋಪಿ ತೆಗೆದ.

ಆ ವರ್ಷ ಚಿಪ್ಪು ಕೀಳುವುದಕ್ಕೆ ಸರ್ಕಾರ ನಿಷೇಧ ಹಾಕಿತ್ತು. ಆದರೂ ಊರಿನ ದೋಣಿಗಳೆಲ್ಲ ಅವತ್ತು ಕದ್ದು ಹೊರಟಿದ್ದವು. ಆರ್ತೆಮಿಯೊ ಇಲ್ಲಿ ಇಳಿದ. ಅವನ ಗಾಳಿಕೊಳವೆ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿತು. “ಕೊಳವೆ ಹಿಡ್ಕೊಂಡಿದ್ದೋನು ನಾನು. ಎಳೆದೆ, ಅತ್ತಿಗೆ. ಕೊಳವೆ ಬಂತು. ಅವನು ಬರ್ಲಿಲ್ಲ.” ಎಲ್ಲ ದೋಣಿಯವರೂ ಸೇರಿ ಹುಡುಕಿದರು. ಹೆಣವೂ ಸಿಗಲಿಲ್ಲ. ಸಾವು ತಿಳಿಸಿದರೆ ನಿಷೇಧದಲ್ಲಿ ಇಲ್ಲೇಕೆ ಬಂದಿರಿ ಎಂದು ಕೇಳಿ ಊರಿನ ದೋಣಿಗಳನ್ನೆಲ್ಲ ಎಳೆದೊಯ್ಯುತ್ತಾರೆ. ದಡ ಮುಟ್ಟುವ ಮುಂಚೆಯೇ ಹಿರಿಯರು ಮಾತು ಕಟ್ಟಿದರು, ಹತ್ತೊಂಬತ್ತರ ಹುಡುಗನ ಬಾಯಲ್ಲಿ ಹೇಳಿಸಿದರು.

“ಸರಿ. ಅದು ದೋಣಿ ಉಳಿಸೋಕೆ. ಆ ಹೆಂಗಸು? ಅವಳನ್ನ ಹುಟ್ಟಿಸಿದ್ದು ಯಾರು?”

“ನಾನೇ. ಯಾರೂ ಹೇಳಿಸ್ಲಿಲ್ಲ. ಶನಿವಾರ ಶನಿವಾರ ನೀವು ದಕ್ಕೆ ಮೇಲೆ ನಿಂತ್ಕೋತಿದ್ರಿ. ಮಳೇಲೂ ನಿಂತ್ಕೋತಿದ್ರಿ. ನನ್ನ ಕೈಲಿ ನೋಡೋಕಾಗ್ತಿರ್ಲಿಲ್ಲ. ಕೋಪ ಬಂದ್ರೆ ಮನೆಗೆ ಹೋಗ್ತೀರಿ ಅಂದ್ಕೊಂಡೆ.”

“ಕೋಪ ಬಂತು. ಮನೆಗೆ ಹೋದೆ. ಅಲ್ಲೇ ಮುದುಕಿಯಾದೆ.” ಅವಳು ಬಂಡೆಯಿಂದ ಕಣ್ಣು ಕೀಳಲಿಲ್ಲ. “ಸೆಲಿಂದೊ ಆ ದಿನ ಇದ್ನಾ?”

ಅವನು ತಲೆಯಾಡಿಸಿದ. “ಪಕ್ಕದ ದೋಣೀಲಿ.”

ಇದ್ದಾನೆ ಅಂತ ನಿನಗೆ ಗಟ್ಟಿ ಗೊತ್ತಾ. ಆ ಮಾತು ಹೇಳುವಾಗ ಸೆಲಿಂದೊನ ಕೈಯಲ್ಲಿದ್ದ ಟೋಪಿ ಅವಳ ಕಣ್ಣ ಮುಂದೆ ಬಂತು. ಅಷ್ಟರಲ್ಲೇ ಎಲ್ಲ ಹೇಳಿದ್ದ ಪಾಪ, ಅದಕ್ಕಿಂತ ಹೆಚ್ಚು ಹೇಳಲು ಊರಿನ ಮಾತು ಅವನ ಬಾಯಿ ಕಟ್ಟಿತ್ತು. ಅವಳು ಅವನ ಬೂಟಿನ ಮೇಲೆ ಕೊಳಕು ನೀರು ಚೆಲ್ಲಿ ಕಳಿಸಿದ್ದಳು. ಎದೆಲ್ಮೀರಾ ಸಂಕಟ ತಡೆಯಲಾರದೆ ಒನೋಫ್ರೆಯ ಭುಜಕ್ಕೆ ಗುದ್ದಿದಳು, ಮತ್ತೆ ಮತ್ತೆ ಗುದ್ದಿದಳು. ದೋಣಿ ಓಲಾಡಿತು. ಅವನು ಕೈ ಅಡ್ಡ ತರಲಿಲ್ಲ.

“ನಾನು ವಿಧವೆ ಕಣೋ! ಆವತ್ತೇ ವಿಧವೆ! ಅಳೋದಕ್ಕೂ ಬಿಡ್ಲಿಲ್ಲ, ಬದುಕೋದಕ್ಕೂ ಬಿಡ್ಲಿಲ್ಲ ನೀವು. ಪಾಪ ಮುಳುಗಿ ಸತ್ತೋನನ್ನ ನಾನು ದಿನಾ ಬೈದೆ. ದಿನಾ ಬೈದೆ!”

ಆಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು, “ಈಗ ಯಾಕೆ ಹೇಳ್ದೆ? ಅದೂ ಆ ಹುಡುಗಿಗೆ?”

“ಕಂಪನಿಯವರ ಪಂಜರ ಇಲ್ಲೇ ಬರುತ್ತಂತೆ, ಈ ಬಂಡೆ ಸುತ್ತ. ಅಣ್ಣನ ತಲೆ ಮೇಲೆ. ಪುಸ್ತಕದಲ್ಲಿ ಹೆಸರಿದ್ರೆ, ಯಾಕೆ ಬಂತು ಅಂತ ಇದ್ರೆ, ತಡೀಬಹುದು ಅಂದ್ಳು ಹುಡುಗಿ.”

“ಅವಳು ಅದನ್ನ ಶಾಲೇಲಿ, ನನ್ನ ಮುಂದೆ ಓದ್ತಾಳೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.” ಅವನು ಟೋಪಿಯನ್ನು ಹಿಂಡುತ್ತಿದ್ದ. “ನಿಮ್ಮ ಹೊಸ್ತಿಲ ತನಕ ಎಷ್ಟು ಸಲ ಬಂದಿದೀನಿ, ಅತ್ತಿಗೆ. ಒಳಗಿಂದ ಅಗುಳಿ ಸದ್ದು ಕೇಳ್ತಿತ್ತು. ತಿರುಗಿ ಹೋಗ್ತಿದ್ದೆ.”

ಅವಳು ಅವನಿಗೆ ಕ್ಷಮೆ ಎಂಬ ಮಾತು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ, ಹೇಳಬೇಕೆಂದು ನನಗೂ ಅನ್ನಿಸುವುದಿಲ್ಲ. ಅವಳು ದೋಣಿಯ ಅಂಚಿಗೆ ಬಾಗಿ ನೀರಿಗೆ ಕೈ ಹಾಕಿ, ಎಷ್ಟೋ ವರ್ಷಗಳಿಂದ ಬಾಯಿಗೆ ತರದ ಹೆಸರನ್ನು ಕರೆದಳು. “ಆರ್ತೆಮಿಯೊ.” ಇನ್ನೊಮ್ಮೆ ಕರೆದಳು. ಆಮೇಲೆ ಮನೆಗೆ ನಡೆ ಎಂದಳು.

ದಡದಲ್ಲಿ ತಮಾರಾ ಕಾಯುತ್ತಿದ್ದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ರಾತ್ರಿಯೆಲ್ಲ ಅತ್ತಿದ್ದಳೆಂದು ತ್ರಾನ್ಸಿತೊ ಆಮೇಲೆ ಹೇಳಿದಳು. “ನನಗೆ ಗೊತ್ತಿರ್ಲಿಲ್ಲ ದೊನ್ಯಾ. ನೀವು ಬೇಡ ಅಂದ್ರೆ ಆ ಹೆಸರು ತೆಗೆದುಹಾಕ್ತೀನಿ.”

“ತೆಗೆದುಹಾಕೋಕೆ ನೀನ್ಯಾರು? ಮೂರು ಜನ ಹೇಳಿಲ್ವಾ?” ಎಂದಳು ಎದೆಲ್ಮೀರಾ. “ಯಾಕೆ ಆ ಹೆಸರು ಬಂತು ಅನ್ನೋದನ್ನ ನಾನು ಹೇಳ್ತೀನಿ. ಬರ್ಕೊ. ನಾನು ಹೇಳಿದ ಹಾಗೇ ಬರ್ಕೊ, ಒಂದಕ್ಷರ ಆಚೆ ಈಚೆ ಆದ್ರೆ ಬಿಡಲ್ಲ.”

ಪುಸ್ತಕ ಅಚ್ಚಾಗಿ ಬಂದದ್ದು ಮುಂದಿನ ವರ್ಷದ ಕೊನೆಗೆ. ಪಡುವಣ ಕಡಲಿನ ಅರ್ಜಿ ಇನ್ನೂ ಕಚೇರಿಯಲ್ಲೇ ಇತ್ತು, ಈಗಲೂ ಇದೆ. ಆದರೆ ಆ ನಕ್ಷೆಯ ಖಾಲಿ ಜಾಗ ಈಗ ಖಾಲಿಯಿಲ್ಲ. ಊರಿಗೆ ಬಂದ ಪ್ರತಿಗಳಲ್ಲಿ ಮೊದಲನೆಯದನ್ನು ಎದೆಲ್ಮೀರಾ ಕಿತ್ತುಕೊಂಡಳು. ಹೆಸರುಗಳೆಲ್ಲ ಅಕಾರಾದಿಯಾಗಿ ಇದ್ದವು. ಬೆರಳಿಟ್ಟು ತನ್ನದನ್ನು ಹುಡುಕಿ, ಒಂದೊಂದು ಮಾತನ್ನೂ ತುಟಿಯಲ್ಲಿ ಹೇಳಿಕೊಂಡು, ಅಲ್ಪವಿರಾಮವನ್ನೂ ಅನುಮಾನದಿಂದ ನೋಡಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಒನೋಫ್ರೆಯನ್ನು ಕರೆಕಳಿಸಿದಳು. ಅವನು ಬಂದು ವಾಡಿಕೆಯಂತೆ ಹೊಸ್ತಿಲಾಚೆ ನಿಂತ.

“ಒಳಗೆ ಬಾ. ಓದು.”

“ಇಲ್ಲೇನಾ, ಅತ್ತಿಗೆ? ನೆಲದ ಮೇಲೆ?”

“ನೆಲದ ಮೇಲೇ. ಅವನ ಮನೆಯೊಳಗೇ. ಗಟ್ಟಿಯಾಗಿ ಓದು.”

ಗೋಡೆಯ ಮೇಲೆ ಮದುವೆಯ ಫೋಟೊ ಮತ್ತೆ ಬಂದಿತ್ತು. ಅದರ ಕೆಳಗೆ ನಿಂತು ಒನೋಫ್ರೆ ಟೋಪಿ ತೆಗೆದು, ಪುಸ್ತಕವನ್ನು ಬೆಳಕಿಗೆ ಹಿಡಿದು ಓದಿದ. “ಆರ್ತೆಮಿಯೊನ ಬಂಡೆ. ತೆಯುಕೊ ದ್ವೀಪದ ಪಡುವಣಕ್ಕೆ, ಕರಿಹಲ್ಲು ಎಂದೂ ಕರೆಯುತ್ತಾರೆ. ಮುಳುಗುಗಾರ ಆರ್ತೆಮಿಯೊ ಲೆಪಿಯೊ ಇಲ್ಲಿ ಕೆಲಸದಲ್ಲಿದ್ದಾಗ ತೀರಿಕೊಂಡದ್ದರಿಂದ ಈ ಹೆಸರು. ಅವನು ಎಲ್ಲಿಗೂ ಹೋಗಿರಲಿಲ್ಲ. ಹೇಳಿದವರು: ಎದೆಲ್ಮೀರಾ ಚಿಗುವಾಯ್, ಅವನ ವಿಧವೆ.”

ಕೊನೆಯ ಮಾತನ್ನು ಅವಳು ಇನ್ನೊಮ್ಮೆ ಓದಿಸಿದಳು. ಸರ್ಕಾರದ ಯಾವ ಕಾಗದದಲ್ಲೂ ಅವಳಿಗೆ ಆ ಮಾತು ಸಿಕ್ಕಿರಲಿಲ್ಲ. ಆಮೇಲೆ ಒನೋಫ್ರೆಗೆ ಒಂದು ಬಿಸಿ ರೊಟ್ಟಿ ಕೊಟ್ಟು ಕಳಿಸಿ, ನೆಲ ಒರೆಸಿ, ಒಲೆಗೆ ಎರಡು ಕೊರಡು ಹೆಚ್ಚಿಗೆ ಹಾಕಿದಳು.

ಸಂಜೆ ತ್ರಾನ್ಸಿತೊ ಬಂದಾಗ ಬಾಗಿಲು ತಟ್ಟಲು ಕೈ ಎತ್ತಿದಳು, ತಟ್ಟಬೇಕಾಗಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಎದೆಲ್ಮೀರಾ ಒಲೆಯ ಪಕ್ಕ ಉಣ್ಣೆ ನೂಲುತ್ತ ಕುಳಿತಿದ್ದಳು.

“ಏನೇ ಇದು, ಚಳಿ ಒಳಗೆ ಬರ್ತಿದೆ. ಅಗುಳಿ ಹಾಕ್ಲಾ?”

“ಬೇಡ, ಹಾಗೇ ಇರ್ಲಿ ಬಿಡು,” ಎಂದಳು ಎದೆಲ್ಮೀರಾ. “ಇವತ್ತು ಅವನ ಹೆಸರು ಹೇಳಿಸಿದೀನಿ.”